ಎರಡಡಿ ದೂರದ ಸಾಂಬಾರು

ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುವ ಇಪ್ಪತ್ತೈದು ಸಾವಿರ ವೋಲ್ಟಿನ ತಂತಿ ಭಾವನ ಎದೆಯೊಳಗಿನ ಪುಟ್ಟ ಯಂತ್ರದ ಕಿವಿಯಲ್ಲಿ ಏನಾದರೂ ಪಿಸುಗುಟ್ಟಬಹುದಿತ್ತು. ಲೋಕಲ್ ಗಾಡಿಯಲ್ಲಿ ಅವರ ಎಡಕ್ಕೆ ಒತ್ತಿ ನಿಂತವನ ಜೇಬಿನ ಫೋನು ಸರಿಯಾಗಿ ಅವರ ಎದೆಯ ಮಟ್ಟದಲ್ಲಿ ಮೊಳಗಬಹುದಿತ್ತು. ಥಾಣೆ ಸ್ಟೇಷನ್ನಿನ ಸೇತುವೆಯ ಬಾಯಲ್ಲಿ ಲೋಹ ಹುಡುಕುವ ಚೌಕಟ್ಟಿನಡಿ ಜನ ಸಿಕ್ಕಿಕೊಂಡು, ಭಾವನೂ ಅದರ ನಡುವೆಯೇ ನಿಂತುಬಿಡಬಹುದಿತ್ತು. ಘಣಸೋಲಿಯಲ್ಲಿ ಹೋಟೆಲಿನ ಎದುರಿನ ಕಟ್ಟಡದ ತಲೆಯ ಮೇಲಿರುವ ಮೊಬೈಲ್ ಟವರು, ಹೋಟೆಲಿನೊಳಗೆ ಬಾಗಿಲು ಸ್ವಲ್ಪ ಸಡಿಲವಾದ ಮೈಕ್ರೋವೇವ್ ಒಲೆ, ದುಡ್ಡಿನ ಗಲ್ಲೆಯ ಮೇಲೆ ಮಿಣಮಿಣ ಕಣ್ಣು ಬಿಡುವ ವೈಫೈ ಡಬ್ಬಿ, ಇವೆಲ್ಲ ಒಟ್ಟಾಗಿ ಸಂಚು ಹೂಡಬಹುದಿತ್ತು. ಕೊನೆಗೆ, ಇಂಡಕ್ಷನ್ ಒಲೆಯ ಮೇಲೆ ಕುದಿಯುವ ಸಾಂಬಾರಿನ ಪರಿಮಳ ನೋಡಲು ಭಾವ ಅಭ್ಯಾಸಬಲದಿಂದ ಬಗ್ಗಿ, ಬಗ್ಗಿದವರು ಏಳದೇ ಇರಬಹುದಿತ್ತು.

ಇಷ್ಟೆಲ್ಲ ಹೆದರುವವನು ವಿಜ್ಞಾನದ ಗಂಧಗಾಳಿ ಇಲ್ಲದವನು ಎಂದುಕೊಂಡಿರೋ, ನೀವು ಮೋಸ ಹೋದಿರಿ. ನಾನು ಕಲ್ಯಾಣದ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವವನು. ವಿದ್ಯುತ್ಕಾಂತೀಯ ಅಲೆಗಳ ಪಾಠವನ್ನು ಪುಸ್ತಕ ಮುಚ್ಚಿಟ್ಟು ಹೇಳಬಲ್ಲೆ. ರೇಡಿಯೋ ಅಲೆಯಿಂದ ಗಾಮಾ ಕಿರಣದವರೆಗೆ ಎಲ್ಲವೂ ಒಂದೇ ವಂಶ, ಬೆಳಕು ಆ ವಂಶದಲ್ಲಿ ನಮ್ಮ ಕಣ್ಣಿಗೆ ಬಿದ್ದ ಒಬ್ಬ ಸದಸ್ಯ ಮಾತ್ರ, ಉಳಿದವರು ನಮ್ಮ ಸುತ್ತಲೇ ಓಡಾಡಿಕೊಂಡಿದ್ದರೂ ನಮಗೆ ಕಾಣುವುದಿಲ್ಲ ಎಂದು ತರಗತಿಯಲ್ಲಿ ಹೇಳುತ್ತೇನೆ. ಹೇಳುವಾಗ ನನ್ನ ದನಿ ಧೈರ್ಯವಾಗಿಯೇ ಇರುತ್ತದೆ. ಮನೆಗೆ ಬಂದ ಮೇಲೆ, ಮಲಗುವ ಮುನ್ನ ರೌಟರ್ ಆರಿಸುವವನೂ ನಾನೇ. ಹೆಂಡತಿ ಕೇಳಿದರೆ ಕರೆಂಟು ಉಳಿತಾಯ ಎನ್ನುತ್ತೇನೆ. ತಿಳಿವಳಿಕೆಗೂ ಧೈರ್ಯಕ್ಕೂ ನನ್ನ ಮಟ್ಟಿಗೆ ಯಾವ ಸಮೀಕರಣವೂ ಸಿಕ್ಕಿಲ್ಲ. ಹೆಚ್ಚು ತಿಳಿದಷ್ಟೂ ಹೆದರಲು ಹೆಚ್ಚು ಹೆಸರುಗಳು ಸಿಗುತ್ತವೆ, ಅಷ್ಟೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ಗುರುರಾಜ ಭಾವ. ಉಡುಪಿಯ ಕಡೆಯಿಂದ ಹದಿಹರೆಯದಲ್ಲಿ ಬಂದು, ಬೇರೆಯವರ ಹೋಟೆಲುಗಳಲ್ಲಿ ಹಿಟ್ಟು ರುಬ್ಬಿ, ಕೊನೆಗೆ ಘಣಸೋಲಿಯಲ್ಲಿ ಹೊಸ ಸೆಕ್ಟರುಗಳು ಎದ್ದು ನಿಂತಾಗ ಒಂದು ಕಟ್ಟಡದ ನೆಲಮಹಡಿಯಲ್ಲಿ ತಮ್ಮದೇ ಶುದ್ಧ ಶಾಕಾಹಾರಿ ಹೋಟೆಲು ತೆರೆದವರು. ಮನೆ ಮಾತ್ರ ಡೊಂಬಿವಲಿಯಲ್ಲೇ. ಹೋಟೆಲಿನಲ್ಲಿ ಅಡುಗೆಗೆ ಜನ ಇದ್ದರೂ ಬೆಳಗಿನ ಸಾಂಬಾರು ಮಾತ್ರ ಅವರ ಕೈಯದೇ. ಕೊತ್ತಂಬರಿ, ಮೆಂತೆ, ಒಣಮೆಣಸುಗಳ ಲೆಕ್ಕ ಅವರ ಮೂಗಿನಲ್ಲಿದೆ. ಮಗ ಅಕ್ಷಯನಿಗೆ ಹೇಳಿಕೊಡಲು ನೋಡಿದರು. ಅವನು ಇಲ್ಲೇ ಹುಟ್ಟಿದವನು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಎಷ್ಟು ಗ್ರಾಮು ಎಂದು ಕೇಳಿದ. ಭಾವನ ಪಾಠ ಅಲ್ಲಿಗೇ ಮುಗಿಯಿತು.

ಕಟ್ಟಡದವರು ಸಿಲಿಂಡರು ಬೇಡ ಎಂದು ಪಟ್ಟು ಹಿಡಿದದ್ದರಿಂದ ಅಕ್ಷಯ ಅಡುಗೆಮನೆಗೆ ದೊಡ್ಡ ಇಂಡಕ್ಷನ್ ಒಲೆಗಳನ್ನು ಹಾಕಿಸಿದ. ಅದೇ ಹೊತ್ತಿಗೆ ಭಾವನಿಗೆ ತಲೆ ಸುತ್ತಲು ಶುರುವಾಯಿತು. ಹೊಸ ಒಲೆಗೂ ತಲೆಸುತ್ತಿಗೂ ಸಂಬಂಧವಿರಲಿಲ್ಲ, ಹೃದಯದ ಬಡಿತವೇ ನಿಧಾನವಾಗಿತ್ತು. ಎಡ ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಇಟ್ಟರು. ಡಾಕ್ಟರು ಹೇಳಿದ್ದು ಸರಳ: ಫೋನನ್ನು ಎಡ ಜೇಬಿನಲ್ಲಿ ಇಡಬೇಡಿ, ಬಲಗಿವಿಗೆ ಹಿಡಿಯಿರಿ. ಇಂಡಕ್ಷನ್ ಒಲೆಯಿಂದ ಎದೆಯನ್ನು ಎರಡಡಿ ದೂರವಿಡಿ. ಉಳಿದಂತೆ ಎಲ್ಲ ಮಾಮೂಲು.

ಸಾಂಬಾರು ಕದಡುವವನು ಪಾತ್ರೆಯಿಂದ ಎರಡಡಿ ದೂರ ಹೇಗೆ ನಿಲ್ಲುವುದು? ಭಾವ ಆ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಡೊಂಬಿವಲಿಯ ಮನೆಯ ಸೋಫಾದಲ್ಲಿ ಕೂತುಬಿಟ್ಟರು. ಟಿವಿ ಹಾಕಿದರೆ ನೋಡಿದರು, ಆರಿಸಿದರೂ ಆ ಕಡೆಗೇ ನೋಡಿದರು. ಅಕ್ಷಯ ಗಲ್ಲೆಯಲ್ಲಿ ಕೂರಲು ಕರೆದಾಗ, ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ ಹಲ್ಲು ಕಿರಿಯುವುದಾದರೆ ಹೋಟೆಲನ್ನು ಕಂಡಕ್ಟಿಂಗಿಗೆ ಕೊಟ್ಟುಬಿಡು, ಯಾರಾದರೂ ನಡೆಸಿಕೊಳ್ಳಲಿ ಎಂದರಂತೆ. ಅಕ್ಕ ನನಗೆ ಫೋನು ಮಾಡಿ, "ಅವರು ತಿಂಡಿಗೆ ಉಪ್ಪು ಕಡಿಮೆ ಆದರೂ ಹೇಳುದಿಲ್ಲ ರಾಘು" ಎಂದಳು. ಊಟದಲ್ಲಿ ತಪ್ಪು ಹುಡುಕದ ಭಾವ ಎಂದರೆ ಅರ್ಧ ಭಾವ.

ಭೌತಶಾಸ್ತ್ರ ಕಲಿಸುವವನು ಮನೆತನದಲ್ಲಿ ಒಬ್ಬನೇ ಆದ್ದರಿಂದ ತೀರ್ಪು ನನ್ನ ತಲೆಗೆ ಬಂತು. ಭಾವ ನನ್ನ ಮುಖ ನೋಡಿ, "ನೀನು ಹೂಂ ಅಂದ್ರೆ ಹೋಗ್ತೇನೆ. ಇಲ್ಲ ಅಂದ್ರೆ ಇಲ್ಲಿಯೇ ಕೂತಿರ್ತೇನೆ," ಎಂದರು. ಪರೀಕ್ಷೆಯಲ್ಲಿ ಮಕ್ಕಳಿಗೆ ನಾನು ಕೇಳುವ ಯಾವ ಪ್ರಶ್ನೆಯೂ ಇಷ್ಟು ಅನ್ಯಾಯದ್ದಲ್ಲ.

ಸ್ವಲ್ಪ ಸಮಯ ಕೇಳಿಕೊಂಡೆ. ಆ ಸಮಯದಲ್ಲಿ ಅಕ್ಕ ಸುಮ್ಮನೆ ಕೂರಲಿಲ್ಲ. ಡಾಕ್ಟರ ಮಾತನ್ನು ತನಗೆ ತಿಳಿದ ಒಂದೇ ಶಾಸ್ತ್ರಕ್ಕೆ ಅನುವಾದ ಮಾಡಿಕೊಂಡಳು. ಮಡಿ. ಕಣ್ಣಿಗೆ ಕಾಣದ್ದು, ಮುಟ್ಟಿದರೆ ಹತ್ತುವುದು, ದೂರ ನಿಂತರೆ ತಪ್ಪುವುದು ಎಂದ ಮೇಲೆ ಅದು ಮೈಲಿಗೆಯಲ್ಲದೆ ಇನ್ನೇನು? ಫೋನುಗಳೆಲ್ಲ ಬಾಗಿಲ ಹೊರಗಿನ ಚಪ್ಪಲಿ ಗೂಡಿನ ಮೇಲೆ. ಒಳಗೆ ಬಂದವರು ಕೈಕಾಲು ತೊಳೆದು ಭಾವನ ಹತ್ತಿರ ಹೋಗಬೇಕು. ಒಂದು ದಿನ ಅಕ್ಷಯ ಹಿಂಜೇಬಿನಲ್ಲಿ ಫೋನು ಮರೆತು ಸೋಫಾದಲ್ಲಿ ಕೂತ. ಅಕ್ಕ ಸೋಫಾದ ಕವರನ್ನೇ ಒಗೆಯಲು ಹಾಕಿದಳು. ಸಾಲದ್ದಕ್ಕೆ, ರೇಷ್ಮೆಗೆ ಮೈಲಿಗೆ ಹತ್ತುವುದಿಲ್ಲವೆಂದು ಪೂಜೆಯ ಪಟ್ಟೆಶಾಲನ್ನು ಭಾವನ ಎಡ ಹೆಗಲಿನಿಂದ ಎದೆಗೆ ಸುತ್ತಿ ಪಿನ್ನು ಹಾಕಿದಳು. ಆ ಸೆಕೆಯಲ್ಲಿ ಭಾವ ಪಟ್ಟಾಭಿಷೇಕಕ್ಕೆ ಕಾದ ರಾಜನಂತೆ ಬೆವರುತ್ತಾ ಕೂತಿದ್ದರು.

ನಾನು ತಿದ್ದಲು ಹೋದೆ. ಈ ಅಲೆಗಳಿಗೆ ರೇಷ್ಮೆಯೂ ಒಂದೇ, ಗಾಳಿಯೂ ಒಂದೇ, ತಡೆಯುವುದಿದ್ದರೆ ಲೋಹ ತಡೆಯಬೇಕು ಎಂದೆ. ಅಕ್ಕ ಯೋಚಿಸಿ, ಹಾಗಾದರೆ ಬೆಳ್ಳಿಯ ಹರಿವಾಣ ಕಟ್ಟಬಹುದಾ ಎಂದು ಕೇಳಿದಳು. ಬೇಡ ಎಂದೆ. ಮತ್ತೆ ದೂರದ ನಿಯಮ ಹೇಳಿದೆ: ದೂರ ಎರಡು ಪಟ್ಟಾದರೆ ಅಲೆಯ ಬಿರುಸು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಒಲೆಯ ಹತ್ತಿರದ ಕಾಂತಕ್ಷೇತ್ರವಂತೂ ಇನ್ನೂ ಬೇಗ ಸೊರಗುತ್ತದೆ. ಸರಿಯಾಗಿ ಹೇಳುವುದಾದರೆ ಅದು ಅಷ್ಟು ಹತ್ತಿರದಲ್ಲಿ ಅಲೆಯೇ ಆಗಿರುವುದಿಲ್ಲ, ಹೊರಡಲು ಚಪ್ಪಲಿ ಹುಡುಕುತ್ತಿರುವ ಅಲೆ. ಅಕ್ಕನಿಗೆ ಇದು ಹಿಡಿಸಲಿಲ್ಲ. ಅವಳ ಶಾಸ್ತ್ರದಲ್ಲಿ ಸೆರಗಿನ ತುದಿ ತಾಗಿದರೂ ಒಂದೇ, ಅಪ್ಪಿಕೊಂಡರೂ ಒಂದೇ. ಕಾಲು ಭಾಗ ಮೈಲಿಗೆ ಎಂಬುದು ಅವಳು ಕೇಳಿದ್ದಲ್ಲ. ನನಗೂ ವಾದ ಮಾಡುವ ಉತ್ಸಾಹ ಇಳಿಯಿತು. ಯಾಕೆಂದರೆ ಮನಸ್ಸಿನ ಆಳದಲ್ಲಿ ನನ್ನ ಹೆದರಿಕೆಯೂ ಅವಳದೇ ಮಾದರಿಯದು, ದೂರದ ವರ್ಗಕ್ಕೆ ಮಣಿಯದಂಥದ್ದು.

ಈ ಅಲೆಗಳ ಸ್ವಭಾವವನ್ನು ನಾನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡದ್ದು ಪುಸ್ತಕದಿಂದಲ್ಲ, ಅಕ್ಕ ಭಾವನ ಸಂಸಾರ ನೋಡಿ. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಕ್ಷೇತ್ರವನ್ನು. ಎರಡೂ ಒಂದಕ್ಕೊಂದು ಲಂಬ. ಇವಳು ಉತ್ತರ ಅಂದರೆ ಅವರು ಪೂರ್ವ. ಆದರೆ ಒಂದು ಅಲುಗಾಡಿದರೆ ಇನ್ನೊಂದು ಏಳಲೇಬೇಕು, ಮತ್ತು ಹೀಗೆ ಪರಸ್ಪರ ಕೆಣಕುತ್ತಲೇ ಎರಡೂ ಸೇರಿ ಮೂರನೆಯದೇ ದಿಕ್ಕಿಗೆ ಸಾಗುತ್ತವೆ. ಹಿಂದಿನ ಕಾಲದ ಪಂಡಿತರು ಅಲೆ ಎಂದ ಮೇಲೆ ಅದಕ್ಕೊಂದು ಆಸರೆ ಬೇಕೇ ಬೇಕೆಂದು ವಿಶ್ವಕ್ಕೆಲ್ಲ ಈಥರ್ ಎಂಬ ಅದೃಶ್ಯ ಗಂಜಿ ತುಂಬಿದ್ದರು. ಹುಡುಕಿದರೆ ಸಿಗಲಿಲ್ಲ. ಬೇಕಾಗಿಯೂ ಇರಲಿಲ್ಲ. ಮುಂಬಯಿಗೆ ಬಂದ ಹೊಸತರಲ್ಲಿ ಇವರಿಬ್ಬರಿಗೂ ಯಾವ ಆಸರೆಯೂ ಇರಲಿಲ್ಲ. ಜಗಳವೊಂದು ನಿಂತಿದ್ದರೆ ಇವರು ಎಲ್ಲಿ ನಿಂತುಬಿಡುತ್ತಿದ್ದರೋ ಹೇಳಲಾರೆ. ಈಗ ಒಬ್ಬರು ಸೋಫಾದಲ್ಲಿ ಅಲುಗಾಡದೆ ಕೂತಿದ್ದರು, ಇನ್ನೊಬ್ಬರು ಜಗಳ ತೆಗೆಯಲು ಹೆದರುತ್ತಿದ್ದರು. ಅಲೆ ಸಾಯುವುದು ಹೀಗೆಯೇ.

ಹಾಗೆ ನೋಡಿದರೆ ಭಾವ ನಿತ್ಯ ಬೆಳಿಗ್ಗೆ ಗ್ಯಾಲರಿಯಲ್ಲಿ ನಿಂತು ಅರ್ಘ್ಯ ಕೊಡುವುದು ನಮ್ಮ ಪಾಲಿನ ಅತಿ ದೊಡ್ಡ ಅಲೆಗಳ ಕಾರ್ಖಾನೆಗೇ. ಆ ಸೂರ್ಯನಲ್ಲಿ ಅತಿನೇರಳೆಯೂ ಇದೆ, ಚರ್ಮ ಸುಡಬಲ್ಲದ್ದು. ಫೋನಿನ ಅಲೆಗೆ ಆ ಯೋಗ್ಯತೆಯಿಲ್ಲ. ತರಗತಿಯಲ್ಲಿ ನಾನು ಕೊಡುವ ಉದಾಹರಣೆ ಇದು: ಬಾಗಿಲಿನ ಚಿಲಕ ಎತ್ತರದಲ್ಲಿದ್ದರೆ ಸಾವಿರ ಕುಳ್ಳರು ಬಂದು ನಿಂತರೂ ತೆಗೆಯಲಾರರು, ಒಬ್ಬ ಉದ್ದನೆಯವನು ಬಂದರೆ ಸಾಕು. ಫೋನಿನವರು, ವೈಫೈಯವರು ಎಲ್ಲ ಕುಳ್ಳರು. ನಮ್ಮ ಜೀವಕೋಶದ ಚಿಲಕ ಅವರಿಗೆ ಎಟುಕುವುದಿಲ್ಲ. ಇದು ನಿಜ, ನೂರಕ್ಕೆ ನೂರು ನಿಜ. ಆದರೆ ಪೇಸ್‌ಮೇಕರಿನ ವಿಷಯ ಬೇರೆ. ಅದರ ಮುಖ್ಯ ಕೆಲಸ ಕೇಳಿಸಿಕೊಳ್ಳುವುದು. ಹೃದಯ ತಾನಾಗಿ ಬಡಿದರೆ ಸುಮ್ಮನಿರುತ್ತದೆ, ತಡ ಮಾಡಿದರೆ ಮಾತ್ರ ಮೆಲ್ಲನೆ ತಿವಿಯುತ್ತದೆ. ಹೊರಗಿನ ಬಲವಾದ ಕ್ಷೇತ್ರದ ಗದ್ದಲವನ್ನು ಅದು ಹೃದಯದ ಸದ್ದೆಂದು ತಪ್ಪು ತಿಳಿದರೆ, ಎಲ್ಲ ಸರಿಯಿದೆಯೆಂದು ತೆಪ್ಪಗಿದ್ದುಬಿಡಬಹುದು. ಈ ಒಂದು ವಾಕ್ಯವನ್ನು ನಾನು ಯಾರಿಗೂ ಹೇಳಲಿಲ್ಲ. ಅದನ್ನು ನಾನೊಬ್ಬನೇ ಹೊತ್ತುಕೊಂಡು ಕಲ್ಯಾಣಕ್ಕೂ ಡೊಂಬಿವಲಿಗೂ ಓಡಾಡಿದೆ.

ಪರಿಹಾರ ಭಾವನೇ ಹೇಳಿದರು, ಅದೂ ನನ್ನ ಎರಡಡಿಯ ಪಾಠವನ್ನು ಹತ್ತನೆಯ ಸಲ ಕೇಳಿ ಬೇಸತ್ತು. ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ನೂರಾರು ಜನರಿಗೆ ಬೇಯಿಸುವ ಅಡುಗೆ ಭಟ್ಟರು ಕಟ್ಟಿಗೆಯ ಉರಿಗೆ ಹತ್ತಿರ ಹೋಗಲಾಗದೆ ಮಾರುದ್ದದ ಮರದ ಸಟ್ಟುಗದಲ್ಲಿ ಕದಡುತ್ತಾರಲ್ಲ, ಅದು ತರಿಸು ಎಂದರು. ಉರಿಯೇ ಇಲ್ಲದ ಒಲೆಗೆ ಉರಿಯ ಕಾಲದ ಉಪಾಯ. ಬೆಲೆ ಬಾಳುವ ಯಾವ ಉಪಕರಣವೂ ಇಷ್ಟು ಚೆನ್ನಾಗಿ ಡಾಕ್ಟರ ಮಾತು ಪಾಲಿಸುತ್ತಿರಲಿಲ್ಲ. ಊರಿನ ಬಸ್ಸಿನಲ್ಲಿ ಸಟ್ಟುಗ ಬಂತು. ಅಳತೆಪಟ್ಟಿ ಹಿಡಿದು ನೋಡಿದೆ. ಭಾವ ಬೆನ್ನು ನೇರ ಮಾಡಿ ನಿಂತರೆ ಎರಡಡಿಗಿಂತ ಜಾಸ್ತಿಯೇ ಸಿಗುತ್ತಿತ್ತು. ಡಾಕ್ಟರೂ ಫೋನಿನಲ್ಲಿ ನಕ್ಕು ಒಪ್ಪಿದರು. ನಾನು ಹೂಂ ಎಂದೆ. ಎಂದ ಕ್ಷಣದಿಂದ ನನ್ನ ಸ್ವಂತ ಹೃದಯವೇ ಅಡ್ಡಾದಿಡ್ಡಿ ಹೊಡೆದುಕೊಳ್ಳತೊಡಗಿತು.

ಆ ಬೆಳಿಗ್ಗೆ ಭಾವನೂ ನಾನೂ ಇಬ್ಬರೇ ಹೊರಟೆವು. ಅಕ್ಷಯ ಮುಂಚೆಯೇ ಹೋಗಿದ್ದ. ಅಕ್ಕ ಮಡಿಯುಟ್ಟು ದೇವರ ಮುಂದೆ ಕೂತವಳು, ಹೋಟೆಲು ಮುಟ್ಟಿದ ಕೂಡಲೇ ಫೋನು ಮಾಡಬೇಕೆಂದು ಮೂರು ಸಲ ಹೇಳಿದಳು. ಗಾಡಿಯಲ್ಲಿ ಭಾವನ ಎಡಕ್ಕೆ ನಾನು ಗೋಡೆಯ ಹಾಗೆ ನಿಂತೆ. ಒಬ್ಬ ಗೃಹಸ್ಥರು ತಮ್ಮ ಫೋನಿನ ಜೊತೆ ಆ ಕಡೆ ವಾಲಿದಾಗಲೆಲ್ಲ ನಾನೂ ವಾಲಿದೆ. ಅವರು "ಕಾಕಾ, ಕುಠೇ ಉತರಣಾರ್?" ಎಂದು ನಾನು ಇಳಿಯುವ ಜಾಗ ಕೇಳಿದರು, ಇಳಿದರೆ ಸಾಕು ಈ ಪೀಡೆ ಎಂಬ ಧಾಟಿಯಲ್ಲಿ. ಥಾಣೆ ಎಂದೆ. ಥಾಣೆಯಲ್ಲಿ ಸೇತುವೆ ದಾಟಿ ಘಣಸೋಲಿಯ ಗಾಡಿ ಹಿಡಿದೆವು. ಭಾವ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು, ಸಟ್ಟುಗ ಮಡಿಲಲ್ಲಿ ಅಡ್ಡ. ಎದುರಿನವರು ಅದನ್ನು ಹುಟ್ಟು ಎಂದುಕೊಂಡಿರಬೇಕು. ಖಾರಿಯ ಉಪ್ಪುನೀರಿನಲ್ಲಿ ದೋಣಿ ನಡೆಸಲು ಹೊರಟ ಮುದುಕರು ಎಂದು ಆಸಕ್ತಿಯಿಂದ ನೋಡುತ್ತಿದ್ದರು.

ಹೋಟೆಲಿನ ಷಟರು ಅರ್ಧ ಮಾತ್ರ ಎತ್ತಿತ್ತು. ನಾನು ಒಳಗೆ ಕಾಲಿಟ್ಟವನೇ ಅಧಿಕಾರ ವಹಿಸಿಕೊಂಡೆ. ವೈಫೈ ಆರಿಸು ಎಂದೆ. ದುಡ್ಡು ಬಂತೆಂದು ಕೂಗುವ ಪೆಟ್ಟಿಗೆ ಆರಿಸು ಎಂದೆ. ಎಲ್ಲರ ಫೋನುಗಳನ್ನು ಕೇಳಿ ಪಡೆದು, ನನ್ನದನ್ನೂ ಸೇರಿಸಿ, ಪಾರ್ಸೆಲ್ ಕಟ್ಟುವ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದೆ. ನಾಲ್ಕೂ ಕಡೆ ಲೋಹವಿದ್ದರೆ ಅಲೆ ಒಳಗೂ ಹೋಗದು, ಹೊರಗೂ ಬಾರದು ಎಂದು ತರಗತಿಯಲ್ಲಿ ಮಾಡಿ ತೋರಿಸುವ ಪ್ರಯೋಗವೇ ಇದು. ಅಕ್ಷಯ, "ಮಾಮಾ, ಆಪ್ ಭೀ ಮಮ್ಮಿ ಜೈಸೇ ಹೋ ಗಯೇ" ಎಂದ. ಅವನ ಅಮ್ಮನ ಸಾಲಿಗೆ ನನ್ನನ್ನೂ ಸೇರಿಸಿದ್ದ. ನಾನಾಗಲೇ ಒಲೆಯ ಮುಂದೆ ನೆಲದಲ್ಲಿ ಸುಣ್ಣದಕಡ್ಡಿಯಿಂದ ಗೆರೆ ಎಳೆಯುತ್ತಿದ್ದೆ.

ಭಾವ ಗೆರೆಯ ಈಚೆ ನಿಂತರು. ಅಕ್ಷಯ ಗುಂಡಿ ಒತ್ತಿದ. ಒಲೆ ಸಣ್ಣಗೆ ಗುಂಯ್ ಎಂದಿತು. ಜ್ವಾಲೆಯಿಲ್ಲ, ಹೊಗೆಯಿಲ್ಲ. ಒಳಗಿನ ಸುರುಳಿಯಲ್ಲಿ ದಿಕ್ಕು ಬದಲಿಸುವ ವಿದ್ಯುತ್ತು ಪಾತ್ರೆಯ ತಳದಲ್ಲೇ ಪುಟ್ಟ ಪುಟ್ಟ ಸುಳಿಗಳನ್ನು ಎಬ್ಬಿಸಿ ತಳವನ್ನೇ ಬೆಂಕಿ ಮಾಡುತ್ತದೆ ಎಂಬುದು ನನಗೆ ಗೊತ್ತು; ನೋಡುವವರಿಗೆ ಮಾತ್ರ ಏನೂ ಆಗುತ್ತಿಲ್ಲ ಎನಿಸುತ್ತದೆ. ಏನೂ ಆಗುತ್ತಿಲ್ಲ ಎನ್ನುವುದಕ್ಕಿಂತ ಭಯಂಕರವಾದ ನೋಟ ಬೇರೆ ಇಲ್ಲ. ಬೇಳೆ ಕುದಿಯತೊಡಗಿತು. ಭಾವ ಸಟ್ಟುಗ ಇಳಿಸಿ ಒಂದು ಸುತ್ತು ಹಾಕಿದರು, ಇನ್ನೊಂದು. ನಾನು ಅವರ ಬಲಗೈ ನಾಡಿ ಹಿಡಿಯಲು ಹೋದೆ. ಕದಡುವ ಕೈಯನ್ನೇ ಹಿಡಿಯುತ್ತೀಯಾ ಎಂದು ಕೊಡವಿದರು. ಸರಿ, ಎಡಗೈ ಹಿಡಿದೆ. ಬಡಿತ ಇತ್ತು. ನನ್ನದೋ ಅವರದೋ ಎಂದು ಸಂಶಯವಾಗಿ ಮತ್ತೆ ಹಿಡಿದೆ. ಮಸಾಲೆ ಹಾಕಿದರು, ಹುಳಿ ಬಿಟ್ಟರು. ಬಗ್ಗಲಿಲ್ಲ. ಆವಿಯೇ ಅವರ ಕಡೆಗೆ ಬಂತು. ಮೂಗರಳಿಸಿ, ಮೆಂತೆ ಹೆಚ್ಚು ಹುರಿದಿದ್ದೀಯ ಎಂದು ಅಡುಗೆಯವನಿಗೆ ಗದರಿದರು. ನನ್ನ ಕಣ್ಣು ಮಂಜಾಯಿತು. ಒಗ್ಗರಣೆಯ ಹೊಗೆ ಎಂದುಕೊಂಡೆ, ಒಗ್ಗರಣೆ ಇನ್ನೂ ಹಾಕಿರಲಿಲ್ಲ.

ಆಗಲೇ ಹೊರಗೆ ರಿಕ್ಷಾ ನಿಂತ ಸದ್ದು. ಅರ್ಧ ಎತ್ತಿದ ಷಟರಿನ ಕೆಳಗಿಂದ ಬಗ್ಗಿ ಅಕ್ಕ ಒಳಗೆ ಬಂದಳು. ಮಡಿಯ ಸೀರೆಯಲ್ಲೇ, ಕೂದಲು ಕಟ್ಟದೆ, ಬರಿಗಾಲಲ್ಲಿ. ಮುಟ್ಟಿದ ಕೂಡಲೇ ಮಾಡಬೇಕಿದ್ದ ಫೋನು ನಾವು ಮಾಡಿರಲಿಲ್ಲ. ಅವಳು ಮಾಡಿದ ಒಂದೂ ನಮ್ಮ ಡಬ್ಬಿಯನ್ನು ಭೇದಿಸಿರಲಿಲ್ಲ. ಮೂವರ ನಂಬರಿಗೂ ಮಾಡಿ, ಪೂಜೆಯನ್ನು ಅಲ್ಲಿಗೇ ಬಿಟ್ಟು, ಕೆಳಗೆ ಸಿಕ್ಕಿದ ರಿಕ್ಷಾ ಹತ್ತಿ ಶೀಳಫಾಟಾದ ರಸ್ತೆಯಲ್ಲಿ ಬಂದಿದ್ದಳು. ಆ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಒಬ್ಬ ಹೆಂಗಸು ತಣ್ಣಗಿನ ಮರಾಠಿಯಲ್ಲಿ ಹೇಳುತ್ತಲೇ ಇದ್ದಳಂತೆ: ನೀವು ಕರೆಯುತ್ತಿರುವ ವ್ಯಕ್ತಿ ಸಂಪರ್ಕ ಕ್ಷೇತ್ರದ ಹೊರಗಿದ್ದಾರೆ.

ಅವಳು ಯಾರನ್ನೂ ನೋಡಲಿಲ್ಲ. ನೇರ ಹೋಗಿ ಭಾವನ ಮುಂದೆ ನಿಂತು, ಅಂಗೈಯನ್ನು ಅವರ ಎಡ ಎದೆಗೆ ಒತ್ತಿದಳು. ಅಂಗೈಯಲ್ಲಿ ಫೋನು. ಚಾಲೂ ಇದ್ದ ಫೋನು. ಆ ಮರಾಠಿ ಹೆಂಗಸು ಭಾವನ ಎದೆಗೆ ಬಾಯಿಟ್ಟು, ಈ ವ್ಯಕ್ತಿ ಸಂಪರ್ಕ ಕ್ಷೇತ್ರದ ಹೊರಗಿದ್ದಾರೆಂದು ಇನ್ನೂ ಹೇಳುತ್ತಿದ್ದಳು. ದೂರ ಸೊನ್ನೆಯಾದರೆ ಏನಾಗುತ್ತದೆಂದು ನನ್ನ ಸೂತ್ರದಲ್ಲಿ ಹಾಕಿ ನೋಡಿದೆ. ಸೊನ್ನೆಯಿಂದ ಭಾಗಿಸಬಾರದು ಎಂಬುದಷ್ಟೇ ನೆನಪಾಯಿತು. ಅಕ್ಷಯ, ಅಡುಗೆಯವನು, ನಾನು, ಎಲ್ಲರ ಕಣ್ಣೂ ಆ ಒಂದು ಅಂಗೈಯಗಲದ ಜಾಗದ ಮೇಲೆ.

"ಜೀವ ಉಂಟು ಮಾರಾಯ್ತಿ," ಎಂದರು ಭಾವ. "ಫೋನು ತೆಗಿ. ಚುಚ್ಚುತ್ತದೆ."

ಅಕ್ಕ ಕೈ ನೋಡಿಕೊಂಡಳು, ಫೋನನ್ನು ಹಾವಿನಂತೆ ಕೊಡವಿ ನನ್ನ ಕಡೆಗೆ ಎಸೆದಳು. ಆಮೇಲೆ, ಬರಿಗೈಯನ್ನು ಮತ್ತೆ ಅಲ್ಲಿಯೇ ಇಟ್ಟಳು. ಭಾವ ಸಟ್ಟುಗ ಬಿಟ್ಟು ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ನಾವೆಷ್ಟು ಹೊತ್ತು ನೋಡುತ್ತಿದ್ದೆವೋ ತಿಳಿಯದು.

ಮೊದಲು ಮೂಗೆತ್ತಿದವರು ಭಾವನೇ. ಮುಖ ಸಿಂಡರಿಸಿತು. ಕಣ್ಣು ಕೆಂಪಾಯಿತು. ತಿಂಗಳುಗಟ್ಟಲೆ ಒಳಗೇ ಕಟ್ಟಿಟ್ಟಿದ್ದ ಸಿಟ್ಟೆಲ್ಲ ಒಂದೇ ಉಸಿರಿಗೆ ಹೊರಬಂತು. "ಎಲ್ಲರೂ ನನ್ನ ಎದೆಯನ್ನು ನೋಡ್ತಾ ನಿಂತ್ರೆ, ಪಾತ್ರೆ ನೋಡುವವರು ಯಾರು?" ಎಂದು ಗುಡುಗಿದರು. ನೀವು ಕೈ ಬಿಟ್ಟದ್ದಕ್ಕೆ ಅಲ್ಲವಾ ಹೀಗಾದದ್ದು ಎಂದು ಅಕ್ಕ ತಿರುಗಿ ಬಿದ್ದಳು. ನೀನು ಬಂದದ್ದಕ್ಕೆ ಎಂದರು ಅವರು. ಇವಳು ಉತ್ತರ, ಅವರು ಪೂರ್ವ. ಅಕ್ಷಯ ಓಡಿಹೋಗಿ ಒಲೆ ಆರಿಸಿದ.

ಗುಂಯ್ ಎನ್ನುತ್ತಿದ್ದ ಆ ಒಲೆಗೆ ಭಾವನ ಹೃದಯದಲ್ಲಿ ಆಸಕ್ತಿಯೇ ಇರಲಿಲ್ಲ. ಅದು ತನಗೆ ವಹಿಸಿದ ತಳವನ್ನು ಶ್ರದ್ಧೆಯಿಂದ ಕಾಯಿಸುತ್ತಿತ್ತು. ನಾನು ಹೆದರಿದ ಅಷ್ಟೊಂದರಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು ಇಷ್ಟೇ: ಒಂದು ಪಾತ್ರೆ ಸಾಂಬಾರು ತಳ ಹಿಡಿಯಿತು.